ಅರ್ಧ ಸಂಗತಿಯ ಲಿಫ್ಟಣ್ಣ

ಅವರನ್ನು ಮೊದಲು ಕಂಡ ದಿನ ನನ್ನ ಕೆನ್ನೆ ಊದಿಕೊಂಡಿತ್ತು. ದಂತವೈದ್ಯರು ಐದನೆಯ ಮಹಡಿಯಲ್ಲಿದ್ದರು. ಜಾಲರಿ ಬಾಗಿಲಿನ ಹಳೆಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕುಳಿತು ಹಿಡಿಕೆ ತಿರುಗಿಸುತ್ತಿದ್ದವರು ನನ್ನ ಕೆಲಸವೇನೆಂದು ವಿಚಾರಿಸಿಕೊಂಡು, ದಾರಿಯ ನಡುವೆ ಕೇಳಿದರು:

“ಮೇಷ್ಟ್ರೇ, ಆಸ್ಟ್ರೇಲಿಯಾದಲ್ಲಿ ಸೈನಿಕರು ಮಷಿನ್‌ಗನ್ ಹಿಡ್ಕೊಂಡು ಎಮು ಹಕ್ಕಿಗಳ ಮೇಲೆ ಯುದ್ಧಕ್ಕೆ ಹೋಗಿದ್ರು. ಯಾರು ಗೆದ್ರು ಹೇಳಿ?”

“ಯಾರು?”

“ನಿಮ್ಮ ಮಹಡಿ ಬಂತು. ಇಳಿಯುವಾಗ ಹೇಳ್ತೀನಿ.”

ವೈದ್ಯರು ಹಲ್ಲು ಕೀಳುವಷ್ಟು ಹೊತ್ತೂ ನನ್ನ ತಲೆಯಲ್ಲಿ ಎಮುಗಳೇ ಓಡಾಡಿದವು. ಇಳಿಯುವಾಗ ಬಾಯಲ್ಲಿ ಹತ್ತಿಯಿದ್ದುದರಿಂದ ಹುಬ್ಬೇರಿಸಿ ಕೇಳಿದೆ.

“ಹಕ್ಕಿಗಳೇ! ಸೈನ್ಯ ಬಾಲ ಮುದುರ್ಕೊಂಡು ವಾಪಸ್ ಬಂತು!”

ಕಟ್ಟಡದವರೆಲ್ಲ ಅವರನ್ನು ಲಿಫ್ಟಣ್ಣ ಎನ್ನುತ್ತಿದ್ದರು. ವೈದ್ಯರ ಕೋಣೆಯಿಂದ ಹೊರಬೀಳುವ ಹಳೆಯ ಪತ್ರಿಕೆಗಳೇ ಅವರ ಭಂಡಾರ. ಹತ್ತುವಾಗ ಅರ್ಧ, ಇಳಿಯುವಾಗ ಇನ್ನರ್ಧ. ಅದು ಅವರ ಪದ್ಧತಿ. ಹೆಂಡತಿ ತೀರಿಕೊಂಡ ಮೇಲೆ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು.

“ಅವಳು ಪಾತ್ರೆ ಉಜ್ಜುತ್ತಾನೇ ‘ಆಮೇಲೆ?’ ಅನ್ನೋಳು,” ಎಂದಿದ್ದರು ಒಮ್ಮೆ. “ಗೋಡೆಗೆ ಎಷ್ಟು ಹೇಳಿದ್ರೂ ‘ಆಮೇಲೆ?’ ಅನ್ನಲ್ಲ ನೋಡಿ.”

ಕಳೆದ ವರ್ಷ ಹೊಸ ಲಿಫ್ಟ್ ಬಂದಿತು. ಅದಕ್ಕೆ ನಡೆಸುವವರು ಬೇಡ. ಮಾತನ್ನೂ ಅದೇ ಆಡುತ್ತದೆ. ಲಿಫ್ಟಣ್ಣನ ಸ್ಟೂಲು ಹೊರಗೆ, ಮೆಟ್ಟಿಲ ಬುಡಕ್ಕೆ ಬಂದಿತು. ಈಗ ಅವರದು ಬಾಗಿಲು ಕಾಯುವ ಕೆಲಸ. ಲಿಫ್ಟಿಗಾಗಿ ನಿಂತವರಿಗೆ ಇಂದಿಗೂ ಅರ್ಧ ಸಂಗತಿ ಹೇಳುತ್ತಾರೆ. ಇಳಿದು ಬರುವಷ್ಟರಲ್ಲಿ ಕೇಳಿದವರು ಮರೆತಿರುತ್ತಾರೆ.

“ಒಂದೇ ಸಲ ಪೂರ್ತಿ ಹೇಳಿಬಿಡಬಾರದೇ?” ಎಂದೆ.

“ಪೂರ್ತಿ ಹೇಳಿದ್ರೆ ಮತ್ತೆ ನನ್ನ ಹತ್ರ ಯಾಕೆ ನಿಲ್ತಾರೆ, ಮೇಷ್ಟ್ರೇ?”

ಮೊನ್ನೆ ಕಟ್ಟುಹಲ್ಲು ಸರಿಮಾಡಿಸಿಕೊಂಡು ಬಂದು ಅವರ ಪಕ್ಕದ ಮೆಟ್ಟಿಲ ಮೇಲೆ ಕುಳಿತಿದ್ದೆ. ಟೈ ಕಟ್ಟಿದ ತರುಣನೊಬ್ಬ ಬಂದು ಲಿಫ್ಟಿಗಾಗಿ ನಿಂತ. ಲಿಫ್ಟಣ್ಣ ಶುರು ಮಾಡಿದರು:

“ಸಾರ್, ಊಟ ತುಂಬಿ ಬೆಸುಗೆ ಹಾಕಿ ಮುಚ್ಚೋ ತಗಡಿನ ಡಬ್ಬಿ ಬಂದು ಎಷ್ಟೋ ವರ್ಷ, ಅದನ್ನ ತೆರೆಯೋಕೆ ಅಂತ ಒಂದು ಸಾಧನವೇ ಇರ್ಲಿಲ್ಲ. ಜನ ಹೇಗೆ ತೆರೀತಿದ್ರು?”

“ಹೌದಾ? ಹೇಗಣ್ಣಾ?”

“ಇಳಿಯುವಾಗ ಹೇಳ್ತೀನಿ!”

ಲಿಫ್ಟಣ್ಣನ ಮುಖ ಅರಳಿತು. ಉತ್ತರವನ್ನು ನಾನು ಹಿಂದೆಯೇ ಕೇಳಿದ್ದೆ. ಹಾಗಾಗಿ ಕೇಳುಗರ ಲೆಕ್ಕಕ್ಕೆ ನಾನು ಬರುವಂತಿರಲಿಲ್ಲ. ಲಿಫ್ಟಿನ ಬಾಗಿಲ ಮೇಲೆ ಮಹಡಿ ತೋರಿಸುವ ಕೆಂಪು ಅಂಕಿ ಎಷ್ಟೋ ಸಲ ಹತ್ತಿ ಇಳಿಯಿತು. ಕೊನೆಗೆ ತರುಣ ಹೊರಬಂದ. ಲಿಫ್ಟಣ್ಣ ಕಾಲರ್ ಸರಿಪಡಿಸಿಕೊಂಡು ಎದ್ದರು. ಅವನು ಫೋನಿನಲ್ಲಿ ಮಾತನಾಡುತ್ತ ಬೀದಿಗಿಳಿದು ಹೋದ.

“ಉಳಿ, ಸುತ್ತಿಗೆ,” ಎಂದರು ಲಿಫ್ಟಣ್ಣ, ಖಾಲಿ ಲಿಫ್ಟಿನ ಕಡೆಗೆ ತಿರುಗಿ.

“ಬಾಗಿಲು ಮುಚ್ಚುತ್ತಿದೆ,” ಎಂದಿತು ಲಿಫ್ಟು.

ಅವರು ಸ್ಟೂಲಿನ ಮೇಲೆ ಕುಳಿತು ಮತ್ತೆ ಕೆಂಪು ಅಂಕಿಯನ್ನೇ ನೋಡತೊಡಗಿದರು.