ಅಣ್ಣ ನಿಲ್ಲಿಸಿದ ಗಾಳಿಯಂತ್ರ

ಅಣ್ಣನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಅವನ ಮನೆಗೆ ಅಂಟಿಕೊಂಡೇ, ಪಡುವಣ ಕಡೆಗೆ, ನನ್ನ ತಮ್ಮನ ಮನೆ. ಅಪ್ಪ ಒಂದೇ ಸೈಟನ್ನು ಇಬ್ಬರಿಗೂ ಹಂಚಿದ್ದರಿಂದ ನಡುಗೋಡೆ ಒಂದೇ. ಆ ಗೋಡೆಯ ಎರಡು ಕಡೆಯವರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಣ್ಣ ತನ್ನ ಹೆಂಡತಿಯ ತಂಗಿಯನ್ನು ತಮ್ಮನಿಗೆ ತಂದುಕೊಳ್ಳುವುದಾಗಿ ಮಾವನ ಮನೆಯಲ್ಲಿ ಮಾತು ಕೊಟ್ಟು ಬಂದಿದ್ದ. ತಮ್ಮ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮೆತ್ತನೆಯ ಮನುಷ್ಯ. ಜೀವಮಾನದಲ್ಲಿ ಒಂದೇ ಒಂದು ಸಲ ಗಟ್ಟಿ ಮನಸ್ಸು ಮಾಡಿದ; ರಿಜಿಸ್ಟರ್ ಮದುವೆಯಾಗಿ ಒಬ್ಬ ನರ್ಸನ್ನು ಮನೆಗೆ ಕರೆತಂದ. ಅವಳು ನಮ್ಮ ಜನದವಳಲ್ಲ. ಅಂದು ಅಣ್ಣ ಏನೂ ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಇವರಿಬ್ಬರ ನಡುವಿನವಳು. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪಟ್ಟಣಕ್ಕೆ ಹೋದಾಗ ಒಂದು ಮನೆಯಲ್ಲಿ ಊಟ, ಇನ್ನೊಂದು ಮನೆಯಲ್ಲಿ ಕಾಫಿ. ಹೀಗೇ ನಡೆದಿತ್ತು.

ಒಂದು ಯುಗಾದಿಯ ಹೊತ್ತಿಗೆ ಅಣ್ಣನೇ ಫೋನು ಮಾಡಿದ. ಸಾಮಾನ್ಯಕ್ಕೆ ಫೋನು ಮಾಡುವವನಲ್ಲ.

“ಮನೆ ಮ್ಯಾಲೆ ಗಾಳಿ ಫ್ಯಾನು ಹಾಕ್ಸಾಣ ಅಂತಿವ್ನಿ ಕಣಮ್ಮಿ. ಕರೆಂಟು ನಾವೇ ಮಾಡ್ಕಳಾದು. ನೀನು ಓದ್ದೋಳು, ಬಂದು ನೋಡ್ಬುಟ್ಟು ಹೇಳು, ಆಯ್ತದೋ ಇಲ್ವೋ ಅಂತ.”

ನನಗೆ ಖುಷಿಯಾಯಿತು. ನನ್ನ ಓದಿನ ಬಗ್ಗೆ ಅಣ್ಣ ಯಾವತ್ತೂ ಕೇಳಿದವನಲ್ಲ. ಇಂಜಿನಿಯರಿಂಗ್ ಕಾಲೇಜಿನ ಗೆಳತಿಯ ಹತ್ತಿರ ಗಾಳಿಯ ವೇಗ ಅಳೆಯುವ ಸಣ್ಣ ಯಂತ್ರವನ್ನು ಬೇಡಿ ತಂದೆ. ಮೇಲೆ ಬಟ್ಟಲುಗಳು ಗಿರಗಿರನೆ ತಿರುಗುತ್ತವೆ, ಎಷ್ಟು ಗಾಳಿ ಬೀಸಿತೆಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಕಬ್ಬಿಣದ ಪೈಪಿಗೆ ಸಿಕ್ಕಿಸಿ ಅಣ್ಣನ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿದೆವು. ಯುಗಾದಿಯಿಂದ ಆಷಾಢ ಕಳೆದು ಶ್ರಾವಣ ಬರುವವರೆಗೂ ಅದು ಅಲ್ಲಿಯೇ ಇತ್ತು. ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದೆ.

ಲೆಕ್ಕ ಸುಲಭವಾಗಿತ್ತು. ಆಷಾಢದಲ್ಲಿ ಒಗೆದ ಬಟ್ಟೆ ಹಾರಿಹೋಗುವಂಥ ಗಾಳಿ. ಉಳಿದ ದಿನಗಳಲ್ಲಿ ತೆಂಗಿನ ಗರಿ ಅಲುಗಿದರೆ ಹೆಚ್ಚು. ಸುತ್ತಲೂ ಮನೆಗಳು, ಅವುಗಳ ಹಿಂದೆ ತೋಟಗಳು. ಬರುವ ಗಾಳಿಯೂ ಮುರಿದು ಸುತ್ತಿ ಬರುತ್ತದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಹುಟ್ಟುವ ಕರೆಂಟು ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುತ್ತದೆ. ಅಣ್ಣನಿಗೆ ಕೊಬ್ಬರಿ ಹೋಳನ್ನೇ ಎಂಟು ಚೂರು ಮಾಡಿ ತೋರಿಸಿ ಹೇಳಿದೆ. “ವರ್ಷದಲ್ಲಿ ಬಹುಪಾಲು ಸುಮ್ನೆ ನಿಂತಿರತ್ತೆ ಅಣ್ಣ. ತಿರುಗಿದಾಗಲೂ ನಾಲ್ಕು ಬಲ್ಬು ಉರಿದ್ರೆ ಪುಣ್ಯ. ಬೇಡ. ಬಿಸಿಲಿಂದು ಹಾಕಿಸು, ಸೋಲಾರು.”

ಅವನು ತಲೆಯಾಡಿಸಿದ. ಆಮೇಲೆ ಬೇರೆಯದನ್ನು ಕೇಳತೊಡಗಿದ.

“ಸದ್ದು ಬತ್ತದಾ?”

“ಬರತ್ತೆ. ಅಗ್ಗದ್ದಾದರೆ ಜಾಸ್ತಿ. ಗಾಳಿ ಜೋರಾದಾಗ ಶಿಳ್ಳೆ ಹೊಡೆದಂಗೆ ಬರತ್ತೆ.”

“ಕಂಬ ಗೋಡೆಗೆ ಬಿಗುದ್ರೆ?”

“ಗೋಡೆಗೆ ಬಿಗೀಲೇಬಾರ್ದು. ಆ ನಡುಕ ಎಲ್ಲಾ ಗೋಡೆಗೆ ಇಳಿದು ಮನೆಯೊಳಗೆ ಗುಂಯ್ ಅನ್ನತ್ತೆ. ಬೇರೆ ಅಡಿಪಾಯ ಹಾಕಿ ನಿಲ್ಲಿಸ್ಬೇಕು.”

“ನೆಳ್ಳು?”

“ರೆಕ್ಕೆ ನೆರಳು ಕಿಟಕಿ ಮೇಲೆ ಬಿದ್ರೆ ಬೆಳಕು ಮಿಣಕ್ ಮಿಣಕ್ ಅಂತ ಕಡೀತಾ ಇರತ್ತೆ. ಕೆಲವರಿಗೆ ತಲೆನೋವು ಬಂದ್ಬಿಡತ್ತೆ.”

ಅವನು ಅಷ್ಟು ಕೇಳಿದ್ದು ಜಾಗ್ರತೆಗೆ ಎಂದು ತಿಳಿದೆ. ತಾರಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಬೆಳಗಿನ ಹೊತ್ತು ಎಲ್ಲಿ ಕಂಬ ಇದ್ದರೆ ನೆರಳು ಎಲ್ಲಿಗೆ ಬೀಳುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುವ ಹಾಗೆ ತೋರಿಸಿದೆ. ಅಣ್ಣ ಕೈಕಟ್ಟಿ ನಿಂತು ನೋಡಿದ. ಅವನ ಮನೆ ಒಂದೇ ಅಂತಸ್ತು. ತಮ್ಮನ ಮನೆಗೆ ಮೇಲೊಂದು ಕೋಣೆ ಇತ್ತು. ಅದರ ಕಿಟಕಿ ಈ ತಾರಸಿಯ ಕಡೆಗೇ ತೆರೆದುಕೊಂಡಿತ್ತು. ಹಾಸನದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸಿಗೆ ಬರುವ ತಮ್ಮನ ಹೆಂಡತಿ ಆ ಕೋಣೆಯಲ್ಲಿ ಮಲಗುತ್ತಿದ್ದಳು. ನಾವು ಮಾತಾಡುತ್ತಿದ್ದಾಗಲೂ ಮಲಗಿದ್ದಳು.

ಮುಂದಿನ ಆಷಾಢಕ್ಕೆ ಮುಂಚೆ ಅಣ್ಣ ಗಾಳಿಯಂತ್ರ ನಿಲ್ಲಿಸಿದ. ನನಗೆ ಹೇಳಲಿಲ್ಲ. ತಮ್ಮ ಫೋನು ಮಾಡಿ, “ಅಕ್ಕ, ನೀನೇ ಲೆಕ್ಕ ಹಾಕ್ಕೊಟ್ಯಂತೆ?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದೋ ಅಲ್ಲವೋ ಗೊತ್ತಾಗಬೇಕಿತ್ತು, ಅಷ್ಟೆ.

ಮಾರನೆಯ ಭಾನುವಾರ ಹೋದೆ. ಕಂಬವನ್ನು ನಡುಗೋಡೆಗೇ ಕ್ಲಾಂಪು ಹಾಕಿ ಬಿಗಿಸಿದ್ದ. ನಾನು ಸೀಮೆಸುಣ್ಣದಲ್ಲಿ ಇಲ್ಲಿ ಬೇಡ ಎಂದು ತೋರಿಸಿದ್ದ ಮೂಲೆಯಲ್ಲೇ. ತಮ್ಮನ ಹೆಂಡತಿ ಬಾಗಿಲು ತೆರೆದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. “ಮೇಲೆ ಹೋಗಿ ಸ್ವಲ್ಪ ಮಲಗಿ ನೋಡಿ ಅಕ್ಕ,” ಅಂದಳು.

ಮಲಗಿದೆ. ಅವಳು ಕಿಟಕಿಗೆ ದಪ್ಪ ಪರದೆ ಹಾಕಿ, ಅದರ ಮೇಲೆ ರಟ್ಟು ಅಂಟಿಸಿದ್ದಳು. ಆದರೂ ಅಂಚಿನ ಸಂದಿನಿಂದ ಬೆಳಕು ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು. ಕಣ್ಣು ಮುಚ್ಚಿದರೆ ರೆಪ್ಪೆಯ ಮೇಲೆ ಕೆಂಪು ಮಿಡಿಯುತ್ತಿತ್ತು. ಹೊರಗಿನ ಶಿಳ್ಳೆಗಿಂತ ಕೆಟ್ಟದ್ದು ಗೋಡೆಯೊಳಗಿನ ಸದ್ದು. ತಲೆದಿಂಬಿನ ಮೂಲಕ, ಮಂಚದ ಕಾಲಿನ ಮೂಲಕ ಅದು ಹಲ್ಲಿಗೆ ಬಂದು ತಾಕುತ್ತಿತ್ತು. ಗಾಳಿ ನಿಂತಾಗ ಸದ್ದೂ ನಿಲ್ಲುತ್ತಿತ್ತು. ಕಣ್ಣು ಎಳೆಯುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಹೆಚ್ಚು ಹೊತ್ತು ಮಲಗಲಾಗದೆ ಎದ್ದೆ.

ಅಣ್ಣ ರೊಟ್ಟಿ ತಿನ್ನುತ್ತಿದ್ದ. ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು, ಕಿವಿಯಲ್ಲಿ ಹತ್ತಿ.

“ಅಣ್ಣ, ಇದು ಉಪಯೋಗ ಇಲ್ಲ ಅಂತ ಹೇಳಿರ್ಲಿಲ್ವಾ?”

“ನೀನೇನೋ ಹೇಳಿದ್ದೆ.”

“ಮತ್ಯಾಕೆ ಹಾಕಿಸ್ದೆ?”

ಅವನು ಚಟ್ನಿ ನೀಡಿಸಿಕೊಂಡ. “ಕರೆಂಟಿನ ಲೆಕ್ಕ ನೀನು ಹಾಕ್ದೆ. ಮಿಕ್ಕಿದ್ದು ನಾನು ಹಾಕ್ಕಂಡೆ. ಇದು ಉಪಯೋಗ ಆಯ್ತಾ ಅದೆ ಕಣಮ್ಮಿ.”

“ಅವಳು ನಿದ್ದೆ ಇಲ್ಲದೆ ಸಾಯ್ತಾ ಇದ್ದಾಳೆ.”

“ಅಗಲೊತ್ತು ಮನೆ ಹೆಂಗಸು ಮಲಗಾದು ಎಲ್ಲಾರ ಉಂಟಾ?” ಎಂದು ಕೇಳಿ, ಅತ್ತಿಗೆಯ ಕಡೆ ತಿರುಗಿ, “ಇವಳ್ನ ಕೇಳು. ಇವಳು ಮಲಗ್ತಾಳಾ?” ಎಂದ. ಅತ್ತಿಗೆಗೆ ಕೇಳಿಸಲಿಲ್ಲ. ಅವನು ಅವಳ ಕಿವಿಯ ಹತ್ತಿ ಕಿತ್ತು ಮತ್ತೊಮ್ಮೆ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರ ಮಲಗುವ ಕೋಣೆಯೂ ಅದೇ ನಡುಗೋಡೆಗೆ ಸೇರಿತ್ತು. ಅಣ್ಣ ಹಾಸಿಗೆಯನ್ನು ಅಂಗಡಿಗೆ ಸಾಗಿಸಿಕೊಂಡು ಅಲ್ಲಿ ಮಲಗುತ್ತಿದ್ದಾನೆಂದು ಆಮೇಲೆ ತಿಳಿಯಿತು. ಅತ್ತಿಗೆಯನ್ನು ಮನೆ ಕಾಯಲು ಬಿಟ್ಟಿದ್ದ.

ತಮ್ಮ ಪುರಸಭೆಗೆ ದೂರು ಕೊಟ್ಟ. ನೋಡಲು ಬಂದವರು ಕತ್ತೆತ್ತಿ ನೋಡಿ, ಒಳ್ಳೆಯ ಕೆಲಸ, ಎಲ್ಲರೂ ಹೀಗೆ ಮಾಡಬೇಕು ಎಂದು ಅಣ್ಣನ ಮನೆಯಲ್ಲಿ ಕಾಫಿ ಕುಡಿದು ಹೋದರು. ಅದರ ಹಿಂದೆಯೇ ಒಬ್ಬ ಪತ್ರಿಕೆಯವನು ಬಂದು ಫೋಟೋ ಹಿಡಿದ. ಗಾಳಿಯಂತ್ರದ ಕೆಳಗೆ ಅಣ್ಣ ಬಿಳಿ ಷರ್ಟು ಹಾಕಿ ನಿಂತಿದ್ದ. ಫೋಟೋದ ಒಂದು ಅಂಚಿನಲ್ಲಿ ರಟ್ಟು ಅಂಟಿಸಿದ ಆ ಕಿಟಕಿಯೂ ಬಿದ್ದಿತ್ತು.

ಕೊನೆಗೆ ತಮ್ಮನ ಹೆಂಡತಿ ತಾನೇ ಹೋದಳು. ಮದುವೆಯಾದ ದಿನದ ನಂತರ ಮೊದಲ ಬಾರಿಗೆ ಅಣ್ಣನ ಬಾಗಿಲಲ್ಲಿ ನಿಂತಳು. ಅಂದು ನಾನೂ ಅಲ್ಲಿದ್ದೆ.

“ಭಾವ, ನಾನು ಡ್ಯೂಟಿಯಿಂದ ಬಂದ ಮೇಲೆ ಮಧ್ಯಾಹ್ನದವರೆಗೆ ಮಾತ್ರ ಅದನ್ನ ನಿಲ್ಲಿಸಿ. ಆಮೇಲೆ ಬೇಕಾದಷ್ಟು ತಿರುಗಲಿ. ಕೈಮುಗೀತೀನಿ.”

ನಿಜವಾಗಿಯೂ ಕೈಮುಗಿದಳು. ಅಣ್ಣ ಅವಳ ಕಡೆ ನೋಡಲಿಲ್ಲ. ಹೆಂಡತಿಯನ್ನು ಕರೆದು, “ಯಾರೋ ಬಂದವ್ರೆ ನೋಡಮ್ಮಿ. ಗಾಳಿ ಬಿಡೋನು ದೇವ್ರು, ನಾವಲ್ಲ ಅಂತ ಹೇಳಿ ಕಳ್ಸು,” ಎಂದ. ಅತ್ತಿಗೆ ಬಾಗಿಲಿಗೆ ಬಂದು, ಅವಳ ಮುಖಕ್ಕೆ ಮುಖ ಕೊಟ್ಟು, ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅತ್ತಿಗೆಯ ಕಣ್ಣ ಸುತ್ತಲೂ ಅದೇ ಕಪ್ಪು. ಒಂದೇ ಸದ್ದಿಗೆ ನಿದ್ದೆಗೆಟ್ಟ ಎರಡು ಮುಖಗಳು ಹೊಸ್ತಿಲಿನ ಆಚೆ ಈಚೆ ನಿಂತಿದ್ದವು. ಒಬ್ಬಳು ಇನ್ನೊಬ್ಬಳ ಮೇಲೆ ಬಾಗಿಲು ಹಾಕಿದಳು.

ಆ ವಾರವೇ ಆಸ್ಪತ್ರೆಯಲ್ಲಿ ಅವಳು ಒಬ್ಬ ರೋಗಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಪಕ್ಕದ ಮಂಚದವನಿಗೆ ಕೊಡಲು ಹೋದಳು. ಸೂಜಿ ಚುಚ್ಚುವ ಮೊದಲೇ ಜೊತೆಯವಳು ಕೈ ಹಿಡಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಡಾಕ್ಟರು ಇಡೀ ವಾರ್ಡಿನ ಮುಂದೆ ಬೈದರು, ನೋಟಿಸು ಬಂತು. ತಮ್ಮ ಅಳುತ್ತ ಇದನ್ನು ನನಗೆ ಹೇಳಿದ. ಅವನು ಅಂಗಳದಲ್ಲಿ ನಿಂತು ಫೋನಿನಲ್ಲಿ ಹೇಳಿದ್ದು ಗೋಡೆಯಾಚೆಗೂ ಕೇಳಿಸಿರಬೇಕು. ಸಂತೆಯ ದಿನದ ಹೊತ್ತಿಗೆ ಇಡೀ ಪಟ್ಟಣಕ್ಕೆ ಗೊತ್ತಾಗಿತ್ತು. ಕೊಬ್ಬರಿ ಮಂಡಿಯಲ್ಲಿ ಅಣ್ಣ, “ನಮ್ ನರ್ಸಮ್ಮ ನಿದ್ದೆಗಣ್ಣಲ್ಲಿ ಸೂಜಿ ಚುಚ್ತಾಳಂತೆ. ಉಸಾರು ಕಣ್ರಪ್ಪ, ಹಾಸನಕ್ಕೆ ಹೋದ್ರೆ,” ಎಂದು ನಗಿಸುತ್ತಿದ್ದನಂತೆ.

ಅವಳು ಅರಕಲಗೂಡಿನ ಆಸ್ಪತ್ರೆಗೆ ವರ್ಗ ಕೇಳಿಕೊಂಡಳು. ಅಲ್ಲಿಗೆ ಯಾರೂ ಬೇಡಿಕೊಂಡು ಹೋಗುವುದಿಲ್ಲವೇನೋ, ಬೇಗ ಸಿಕ್ಕಿತು. ತಮ್ಮ ಉದ್ದದ ರಜೆ ಹಾಕಿ ಸಾಮಾನು ಕಟ್ಟಿದ. ಲಾರಿ ಬೀದಿಯ ತಿರುವು ದಾಟುವ ಮೊದಲೇ ಅಣ್ಣ ತಾರಸಿ ಹತ್ತಿದ. ಯಂತ್ರದ ಬ್ರೇಕು ಎಳೆದು, ಮೂರು ರೆಕ್ಕೆಗಳನ್ನೂ ತೆಂಗಿನ ಹಗ್ಗದಲ್ಲಿ ಕಂಬಕ್ಕೆ ಬಿಗಿದು ಕಟ್ಟಿದ. ನಾನು ಬೀದಿಯಲ್ಲಿ ನಿಂತು ನೋಡುತ್ತಿದ್ದೆ. ಆಷಾಢದ ಗಾಳಿ ಇನ್ನೂ ಜೋರಾಗಿ ಬೀಸುತ್ತಿತ್ತು. ಅಂದು ಅವನು ಹಾಸಿಗೆಯನ್ನು ಅಂಗಡಿಯಿಂದ ಮನೆಗೆ ತರಿಸಿದನೆಂದು ಅತ್ತಿಗೆ ಹೇಳಿದಳು.

ಸಂಕ್ರಾಂತಿ ಕಳೆದ ಮೇಲೆ ಅವನು ಮತ್ತೆ ನನಗೆ ಫೋನು ಮಾಡಿದ. “ಆ ಮನೆ ಸುಮ್ನೆ ಖಾಲಿ ಬಿದ್ದದೆ. ಕೊಬ್ಬರಿ ತುಂಬಾಕೆ ಕೊಡ್ತಾನಾ ಕೇಳು. ಮ್ಯಾಲ್ಗಡೆ ರೂಮು ಬೆಚ್ಚಗದೆ.”

ಫೋನು ಇಟ್ಟುಬಿಟ್ಟೆ. ಆದರೆ ಶಿವರಾತ್ರಿ ಕಳೆದ ಮೇಲೆ ಅರಕಲಗೂಡಿಗೆ ಹೋದಾಗ ಮುಚ್ಚಿಡಲಾಗಲಿಲ್ಲ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಮೂವರೂ ಊಟಕ್ಕೆ ಕೂತಿದ್ದೆವು. ಧಗೆ. ನಾನು ಫ್ಯಾನಿನ ಸ್ವಿಚ್ಚಿಗೆ ಕೈಹಾಕಿದಾಗ ತಮ್ಮ, “ಬೇಡ ಅಕ್ಕ, ಅವಳಿಗೆ ಆಗಲ್ಲ,” ಎಂದ. ಬೆವರು ಒರೆಸಿಕೊಳ್ಳುತ್ತಲೇ ಅಣ್ಣ ಕೇಳಿದ್ದನ್ನು ಹೇಳಿದೆ. ತಮ್ಮ ಅನ್ನ ಕಲಸುತ್ತ ತಟ್ಟೆ ನೋಡಿಕೊಂಡೇ ಹೇಳಿದ.

“ಕೊಡಾಣ ಬಿಡಕ್ಕ. ಎಷ್ಟಾದ್ರೂ ಅಣ್ಣ. ನಾಳೆ ಒಂದು ಒಳ್ಳೇದು ಕೆಟ್ಟದ್ದು ಅಂದ್ರೆ ಓಗ್ಬೇಕಾಯ್ತದೆ.”

ಅವನ ಹೆಂಡತಿ ಅವನನ್ನೇ ನೋಡಿದಳು. ಅಷ್ಟು ದಿನ ಅಣ್ಣನ ಮೇಲೂ ಅವಳು ಹಾಗೆ ನೋಟ ಬೀರಿದ್ದನ್ನು ನಾನು ಕಂಡಿರಲಿಲ್ಲ.

“ಕೆಟ್ಟದ್ದಕ್ಕೆ ನಾನೂ ಬರ್ತೀನಿ,” ಎಂದಳು. “ನಿಮ್ಮಣ್ಣ ಸತ್ತ ದಿನ ಬಂದು ಕಣ್ಣಿಗೆ ಟಾರ್ಚು ಬಿಟ್ಟು, ಎದೆ ಮುಟ್ಟಿ ನೋಡ್ತೀನಿ. ಅಳಕ್ಕಲ್ಲ. ನಿಜವಾಗ್ಲೂ ಸತ್ತಿದ್ದಾನೆ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಅದೊಂದು ಕೆಲಸ ನಾನು ನಿದ್ದೆಗಣ್ಣಲ್ಲೂ ತಪ್ಪು ಮಾಡಲ್ಲ.”

ಕೈತೊಳೆದು, ಬಿಳಿ ಕೋಟು ಹಾಕಿಕೊಂಡು ಡ್ಯೂಟಿಗೆ ಹೋದಳು. ತಮ್ಮ ಬೀರುವಿನಿಂದ ಬೀಗದಕೈ ತಂದು ನನ್ನ ತಟ್ಟೆಯ ಪಕ್ಕ ಇಟ್ಟ. ನಾನು ಮುಟ್ಟಲಿಲ್ಲ. ಮುಂದಿನ ವಾರ ಅವನೇ ಪಟ್ಟಣಕ್ಕೆ ಬಸ್ಸು ಹತ್ತಿ ಹೋಗಿ ಅಣ್ಣನ ಕೈಗೆ ಕೊಟ್ಟು ಬಂದ. ಅಣ್ಣ ಊಟ ಮಾಡಿಕೊಂಡು ಹೋಗು ಅಂದನಂತೆ, ಅತ್ತಿಗೆ ಬಾಳೆಎಲೆ ಹಾಕಿ ಬಡಿಸಿದಳಂತೆ. ಹೆಂಡತಿಗೆ ಹೇಳಬೇಡವೆಂದು ತಮ್ಮ ನನ್ನಲ್ಲಿ ಬೇಡಿಕೊಂಡು, ಒಬ್ಬಟ್ಟು ಚೆನ್ನಾಗಿತ್ತು ಎಂದ.