ಅಕ್ಕೋರು ಬರೆದ ಗೆರೆ

ಅಮ್ಮನ ಎಡ ಎದೆಯ ಗಡ್ಡೆಗೆ ವಿಕಿರಣ ಕೊಡಿಸಲು ನಾವು ಬೆಳಂಬಾರದಿಂದ ಕಾರವಾರ ದಾಟಿ ಗೋವೆಯ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಲ್ಲಿ ಯಂತ್ರದ ಅಳತೆ ನೋಡುವ ವಿಜ್ಞಾನಿ ನಮ್ಮ ಅಂಕೋಲೆಯವರೇ. ಅಮ್ಮ ಅವರನ್ನು ಶಾಲೆಯ ಟೀಚರನ್ನು ಕರೆದ ಹಾಗೆ ‘ಅಕ್ಕೋರು’ ಎನ್ನುತ್ತಿದ್ದಳು. ಎಲೆಕ್ಟ್ರಾನುಗಳನ್ನು ವೇಗಕ್ಕೇರಿಸುವ ಆ ಯಂತ್ರದ ಕಿರಣ ಗಡ್ಡೆಗೆ ತಾಗಬೇಕು, ಪಕ್ಕದ ಹೃದಯಕ್ಕೆ ತಾಗಬಾರದು; ಅವರ ಸಂಶೋಧನೆಯೆಲ್ಲ ಇದೇ. ಹೆಬ್ಬೆರಳು ತೋರುಬೆರಳು ಹತ್ತಿರ ತಂದು, “ಕೂದಲೆಳೆಯಷ್ಟೂ ಆಚೀಚೆ ಆಗೂಕಾಗ” ಎನ್ನುವರು.

ಮೂರನೆಯ ದಿನ ಆಸ್ಪತ್ರೆಯಲ್ಲಿ ನೋಡಿದರೆ, ಕಿರಣ ಬೀಳಬೇಕಾದ ಜಾಗದ ಗುರುತಿಗೆಂದು ಅವರು ಅಮ್ಮನ ಮೈಮೇಲೆ ಎಳೆದಿದ್ದ ನೇರಳೆ ಗೆರೆಗಳೇ ಇಲ್ಲ. ಆಸ್ಪತ್ರೆಯ ಮೈಲಿಗೆಯೆಂದು ಅಮ್ಮ ಮನೆಗೆ ಬಂದವಳೇ ತಲೆಮೇಲೆ ನೀರು ಹೊಯ್ದುಕೊಂಡು ಮೈ ಉಜ್ಜಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

“ಮೀಯದೆ ದೇವರ ದೀಪ ಹೆಂಗೆ ಹಚ್ಚೂದು ಅಕ್ಕೋರೆ?” ಅಮ್ಮ ಕೇಳಿದಳು.

ಅಕ್ಕೋರು ಬೈಯಲಿಲ್ಲ. ಇಡೀ ಅಳತೆ ಮತ್ತೆ ತೆಗೆದು, ಬಗ್ಗಿ ನಿಂತು ಒಂದೊಂದೇ ಗೆರೆ ಎಳೆದರು. “ಕೈಕಾಲು ತೊಳ್ಕಂಡು ಹಚ್ಚಿ ಅಮ್ಮ. ದೇವರು ಸಿಟ್ಟಾದ್ರೆ ನಾ ಹೇಳ್ದೆ ಅನ್ನಿ.”

ಚಿಕಿತ್ಸೆ ಮುಗಿದ ದಿನ ಅಮ್ಮನ ಕೈ ಹಿಡಿದು, “ಇನ್ನು ಗೆರೆ ಬೇಡ. ಮಿಂದ್ರೂ ಅಡ್ಡಿಲ್ಲ” ಎಂದರು.

ಮನೆಗೆ ಬಂದ ಅಮ್ಮ ಅಂಗಳದಲ್ಲಿ ಕೈಕಾಲು ತೊಳೆದು, ಸೀದಾ ಹೋಗಿ ದೀಪ ಹಚ್ಚಿದಳು. ನೀರು ತೋಡಿಟ್ಟಿದ್ದೇನೆ, ಮೀಯುವುದಿಲ್ಲವೇ ಎಂದೆ.

“ಅಕ್ಕೋರು ಬಗ್ಗಿ ಬಗ್ಗಿ ಬರ್ದದ್ದು,” ಎಂದಳು. “ತಾನಾಗೇ ಹೋಗೂ ತನ್ಕ ಇರ್ಲಿ.”