ಮೆಹಂದಿ ಗಿಡಕ್ಕೆ ಎರೆದ ಮಾತು

ಚಾಂದಬೀ ಖಾಲಾ ದಿನವೂ ಬರೆಯುತ್ತಿದ್ದರು. ಬರೆದದ್ದನ್ನು ದಿನವೂ ತೊಳೆದುಬಿಡುತ್ತಿದ್ದರು. ಶಹಾಬಾದಿನಲ್ಲಿ ನಾವಿದ್ದ ಬಾಡಿಗೆ ಮನೆಗಳ ಅಂಗಳದಲ್ಲಿ, ಅವರ ಬಾಗಿಲ ಪಕ್ಕದ ಗೋಡೆಗೆ ನೆಲಕ್ಕೆ ಹಾಸುವ ಒಂದು ಫರಸಿ ಕಲ್ಲನ್ನು ಆನಿಸಿಟ್ಟಿದ್ದರು. ಊರೆಲ್ಲ ಬಳೆ ಮಾರಿ ಹೊತ್ತು ಇಳಿದ ಮೇಲೆ ಬರುವರು. ಬುಟ್ಟಿಯನ್ನು ಒಳಗಿಟ್ಟು, ಕೈಕಾಲು ತೊಳೆದು, ಆ ಬೂದುಗಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಳಪದಿಂದ ನಾಲ್ಕಾರು ಸಾಲು ಬರೆಯುವರು. ತುಟಿ ಅಲುಗಿಸುತ್ತ ಒಮ್ಮೆ ಓದಿಕೊಳ್ಳುವರು. ಆಮೇಲೆ ತಂಬಿಗೆಯ ನೀರು ಸುರಿದು ಅಂಗೈಯಿಂದ ಒರೆಸುವರು. ಕಲ್ಲಿನ ಬುಡದಿಂದ ತಾವೇ ತೋಡಿದ್ದ ಸಣ್ಣ ಕಾಲುವೆಯಲ್ಲಿ ಆ ಬಿಳಿ ನೀರು ಹರಿದು ಮೆಹಂದಿ ಗಿಡದ ಪಾತಿಯನ್ನು ಸೇರುತ್ತಿತ್ತು. ಅಕ್ಷರವನ್ನು ಯಾರೂ ತುಳಿಯಬಾರದೆಂಬುದು ಅವರ ಕಟ್ಟುನಿಟ್ಟು.

ನನ್ನ ಕಿಟಕಿಯಿಂದ ಆ ಬರಹವನ್ನು ಓದಬಹುದಿತ್ತು. ನಾನು ಕುರ್ಚಿ ತಿರುಗಿಸಿ ಕೂಡುತ್ತಿದ್ದೆ. ಅಷ್ಟು ಮರ್ಯಾದೆ ನನಗಿತ್ತು. ಎಲ್ಲರಿಗೂ ಇತ್ತೆಂದು ಹೇಳಲಾರೆ. “ಮುದುಕಿ ಮಾಟ ಮಾಡ್ಲಿಕತ್ತಾಳ” ಎಂದು ಮನೆಯ ಮಾಲೀಕರ ಹೆಂಡತಿ ಆಡಿದ ಮಾತು ನನ್ನ ದಿನಚರಿಯಲ್ಲಿ ಇಂದಿಗೂ ಭದ್ರವಾಗಿದೆ.

ಖಾಲಾರಿಗೆ ಅಕ್ಷರ ಕಲಿಸಿದವನು ಅವರ ಒಬ್ಬನೇ ಮಗ ಬಾಬು. ಶಾಲೆಯಿಂದ ಬಂದವನೇ ತಾಯಿಯ ಕೈ ಹಿಡಿದು ಅದೇ ಕಲ್ಲಿನ ಮೇಲೆ ತಿದ್ದಿಸುತ್ತಿದ್ದನಂತೆ. ಮೀಸೆ ಮೂಡುವ ವಯಸ್ಸಿನಲ್ಲಿ ಒಂದು ದಿನ ಇಬ್ಬರಿಗೂ ಮಾತಿಗೆ ಮಾತು ಬೆಳೆದು, “ವಾಡಿಗೆ ಹೋಗಿ ಬರ್ತೀನಿ” ಎಂದು ಹೋದವನು ತಿರುಗಿ ಬರಲಿಲ್ಲ. ಅಲ್ಲಿಯ ರೈಲ್ವೆ ಜಂಕ್ಷನ್ನಿನಲ್ಲಿ ಯಾವ ಗಾಡಿ ಹತ್ತಿದನೋ ಕಂಡವರಿಲ್ಲ. ಅವನು ಹೋದ ಮೇಲೆ ನಾನು ಆ ಓಣಿಗೆ ಬಂದವನು. ಅವನ ಮುಖ ನೋಡಿಲ್ಲ. ತಾಯಿಯ ಹಾಗೆಯೇ ಅವನ ಎಡಹುಬ್ಬೂ ಏನನ್ನೋ ಕೇಳುವಂತೆ ಸದಾ ತುಸು ಮೇಲೆದ್ದಿರುತ್ತಿತ್ತೆಂದು ಓಣಿಯವರು ಹೇಳಿದ್ದರಷ್ಟೆ.

ನಾನೂ ಬರೆಯುವವನೇ. ಆದರೆ ಒಂದಕ್ಷರವನ್ನೂ ಅಳಿಸಿದವನಲ್ಲ. ನಮ್ಮ ಶಾಲೆಯ ಬೀಳ್ಕೊಡುಗೆಯ ಫೋಟೋ ತೆಗೆಯುವ ದಿನ ಹೆಡ್‌ಮಾಸ್ತರರು ಉಳಿದ ಶಿಕ್ಷಕರನ್ನೆಲ್ಲ ಕುರ್ಚಿಗಳಲ್ಲಿ ಕೂಡಿಸಿ, ನನಗೆ ಮಾತ್ರ, “ನೀವು ಆ ಕಡಿ ನಿಂತು ಹುಡುಗರ ಗದ್ದಲ ತಡೀರಿ” ಎಂದರು. ಫೋಟೋದಲ್ಲಿ ನಾನಿಲ್ಲ. ಯಾರು ಎಲ್ಲಿ ಕೂತಿದ್ದರು, ಯಾರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಎಲ್ಲವನ್ನೂ ಬರೆದಿಟ್ಟೆ. ದಿನವೂ ತೆರೆದು ಓದಿದೆ. ಓದಿದಷ್ಟೂ ಸಿಟ್ಟು ಹೊಸದಾಗುತ್ತಿತ್ತು, ಊಟ ಸೇರದಾಯಿತು. ನನ್ನ ಹೆಂಡತಿ ಖಾಲಾರಲ್ಲಿ ದೂರಿದಳು.

“ಏನ್ ಬರಿಲಿಕತ್ತೀರಿ ಮಾಸ್ತರ, ಅಷ್ಟು?” ಎಂದು ಖಾಲಾ ಕಿಟಕಿಗೇ ಬಂದರು.

“ನನಗಾದ ಅನ್ಯಾಯ ಬರೀತೀನಿ ಖಾಲಾ.”

“ಬರದ್ರ ಹಗುರ ಆಗಬೇಕ್ರಿ. ನೀವು ನೋಡಿದ್ರ ಹುಳಿ ಮಜ್ಜಿಗಿ ಕುಡದವರಂಗ ಕುಂತೀರಿ.”

ಫೋಟೋದ ಸಂಗತಿಯನ್ನು ಸಾದ್ಯಂತವಾಗಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

“ಆ ಫೋಟೋದಾಗ ಕುಂತವರು ಯಾರಿಗರ ನೆನಪದಾರೇನ್ರಿ? ಇಲ್ಲದವರು ನೀವೊಬ್ಬರೇ. ಈಗ ಓಣಿಗೆಲ್ಲ ನೀವೇ ನೆನಪದೀರಿ” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವರ ಕಣ್ಣು ಅಂಗಳದ ಹೊರಬಾಗಿಲ ಕಡೆ ಹೋಗಿತ್ತು.

ಮರುದಿನ ಬಳಪವನ್ನು ನನ್ನ ಕೈಗಿಟ್ಟರು. ಅವರ ತವರು ಚಿಮ್ಮನಚೋಡ. ಅಲ್ಲಿ ಅಂಜಿಕೊಂಡ ಮಕ್ಕಳಿಗೆ ಅವರ ಅಜ್ಜ ಪಿಂಗಾಣಿ ಬಶಿಯ ಮೇಲೆ ಕೇಸರಿಯಿಂದ ದುವಾ ಬರೆದು, ನೀರಿನಲ್ಲಿ ತೊಳೆದು, ಆ ನೀರು ಕುಡಿಸುತ್ತಿದ್ದರಂತೆ. “ಕುಡದ್ರ ಅಂಜಿಕಿ ಹೋಗ್ತಿತ್ತು. ನನ್ನ ಅಂಜಿಕಿ ನಾನೇ ಹ್ಯಾಂಗ ಕುಡೀಲ್ರಿ? ಗಿಡಕ್ಕ ಕುಡಸ್ತೀನಿ” ಎಂದರು. ನಾನು ಹೆಡ್‌ಮಾಸ್ತರರ ಹೆಸರನ್ನು ಕಲ್ಲಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ, ನಡೆದದ್ದೆಲ್ಲ ಬರೆದೆ, ತೊಳೆದೆ. ಕೂಡಲೇ ಗಾಬರಿಯಾಯಿತು. ಸಾಕ್ಷಿಯನ್ನೇ ನಾಶ ಮಾಡಿದೆನಲ್ಲ ಎಂದು ಒಳಗೆ ಓಡಿ, ಅಷ್ಟನ್ನೂ ಪುಸ್ತಕದಲ್ಲಿ ಇನ್ನೊಮ್ಮೆ ಬರೆದುಕೊಂಡೆ.

ಖಾಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ನಿಮಗ ಇದು ಒಗ್ಗೂದಿಲ್ಲ ಬಿಡ್ರಿ. ನಾ ತೊಳಿಯೋಕಿ, ನೀವು ಇಡೋರು. ಇಡ್ರಿ. ಖರೆ, ಪೂರಾ ಇಡ್ರಿ. ನಿಮ್ಮನ್ನ ದೂರ ನಿಲ್ಲಸಿದ್ದೂ ಬರೀರಿ, ಅವತ್ತ ಯಾರರ ನಿಮಗ ನೀರು ಕೊಟ್ಟಿದ್ರ ಅದೂ ಬರೀರಿ. ಅರ್ಧಾ ಬರದ್ರ ಅದು ಸುಳ್ಳಾಗ್ತದ.”

ಆಗ ನೆನಪಾಯಿತು. ಅಂದು ಫೋಟೋ ಮುಗಿದ ಮೇಲೆ, ಬೇವಿನ ಮರದ ಕೆಳಗೆ ನಿಂತಿದ್ದ ನನಗೆ ಶಾಲೆಯ ಜವಾನ ಕೇಳದೆಯೇ ಚಹಾ ತಂದುಕೊಟ್ಟಿದ್ದ, ತನ್ನ ಪಾಲಿನದು. ಅದನ್ನು ಅದೇ ಪುಟದ ಕೆಳಗೆ ಬರೆದೆ. ಹೆಡ್‌ಮಾಸ್ತರರನ್ನು ಕ್ಷಮಿಸಿದೆನೆಂದು ಯಾರೂ ತಿಳಿಯಬಾರದು; ಕ್ಷಮಿಸಿಲ್ಲ. ಆದರೆ ಅಂದು ರೊಟ್ಟಿ ರುಚಿಸಿತು. ಅಂದಿನಿಂದ ಇಂದಿನವರೆಗೆ ನನ್ನ ದಿನಚರಿಯ ರೀತಿ ಅದೇ.

“ನೀವು ಏನ್ ಬರೀತೀರಿ ಖಾಲಾ?” ಎಂದು ಒಮ್ಮೆ ಮಾತ್ರ ಕೇಳಿದ್ದೆ.

“ಬಾಬುಗ ಹೇಳೋದು. ಎಲ್ಲಿ ಬಳಿ ಒಡದ್ವು, ಯಾರ ಶಾದಿ ಆತು. ಕಡೀಕ ಒಂದು ಮಾತು ಇರ್ತದ. ಅದು ದಿನಾ ಅದೇ.”

ಆ ಗಿಡ ಸೊಂಪಾಗಿ ಬೆಳೆಯಿತು. ಹಬ್ಬಕ್ಕೆ, ಮದುವೆಗೆ ಓಣಿಯ ಹುಡುಗಿಯರೆಲ್ಲ ಅದರ ಎಲೆಯನ್ನೇ ಅರೆದು ಹಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಕೆಂಪೇರಿದ ಅಂಗೈ ಚಾಚಿ ತೋರಿಸಿದಾಗ ನಾನು ಬಹಳ ಹೊತ್ತು ನೋಡಲಾರದವನಾಗುತ್ತಿದ್ದೆ. ಆ ಬಣ್ಣದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಂತೆ ಎನಿಸುತ್ತಿತ್ತು.

ನನಗೆ ಸೇಡಮಿಗೆ ವರ್ಗವಾದ ಕೆಲವು ವರ್ಷಗಳ ಮೇಲೆ, ಖಾಲಾರಿಗೆ ಲಕ್ವಾ ಹೊಡೆದಿದೆ, ಕರೆಯುತ್ತಿದ್ದಾರೆ ಎಂದು ಸುದ್ದಿ ಬಂತು. ವಾಡಿಯಲ್ಲಿ ಗಾಡಿ ಬದಲಿಸಿ ಹೋದೆ. ಅಂಗಳದ ಮಂಚದಲ್ಲಿ ಮಲಗಿದ್ದರು. ಬಲಗೈ ಬಿದ್ದುಹೋಗಿತ್ತು; ಮಾತು ತೊದಲುತ್ತಿತ್ತು; ಹುಬ್ಬು ಮಾತ್ರ ಹಾಗೆಯೇ ಇತ್ತು.

“ಕೈ ಹೋದಾಗಿಂದ ಬರದಿಲ್ಲ ಮಾಸ್ತರ. ಎದಿ ತುಂಬಿ ಉಸಿರು ಕಟ್ಲಿಕತ್ತದ. ಆ ಕಡೀ ಮಾತು ನೀವು ಬರೀರಿ.”

“ಓಣಿಯಾಗ ಬರಿಯೋರು ಭಾಳ ಮಂದಿ ಅದಾರಲ್ಲ ಖಾಲಾ, ನಾನೇ ಯಾಕ?”

“ಅವರು ಮರೀತಾರ. ನೀವು ಮರಿಯೋ ಪೈಕಿ ಅಲ್ಲ.”

ನನ್ನ ಆ ಗುಣವನ್ನು ಜನ್ಮದಲ್ಲಿ ಒಬ್ಬರು ಹೊಗಳಿದ್ದು ಅದೊಂದೇ ಸಲ. ಅವರ ಬಾಯಿಗೆ ಕಿವಿಯಿಟ್ಟು ಕೇಳಿ, ಕಲ್ಲಿನ ಮೇಲೆ ಬರೆದೆ. ಅವರು ಕಣ್ಣಿನಿಂದಲೇ ಓದಿ, “ತೊಳೀರಿ” ಎಂದರು. ತೊಳೆದೆ. ನೀರು ಗಿಡದತ್ತ ಹರಿಯುವುದನ್ನು ನೋಡುತ್ತ ದೀರ್ಘವಾಗಿ ಉಸಿರುಬಿಟ್ಟರು.

“ಬುಕ್ಕದಾಗ ಇಡಬ್ಯಾಡ್ರಿ ಮತ್ತ. ಅವ ಸಿಕ್ರ ಬಾಯಿಲೇ ಹೇಳ್ರಿ.”

ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಫರಸಿ ಕಲ್ಲು ಬಚ್ಚಲಿಗೆ ಹಾಸಾಗಿತ್ತು. ಮೆಹಂದಿ ಗಿಡವನ್ನು ಕಡಿಸಿದ್ದರು. ಕಡಿಸಿದವರ ಹೆಸರು ನನ್ನಲ್ಲಿದೆ. ನನ್ನ ದಿನಚರಿಗಳ ಸಾಲಿನಲ್ಲಿ ಖಾಲಿ ಬಿಟ್ಟ ಪುಟ ಒಂದೇ ಒಂದು. ಅದು ಆ ಮಾತನ್ನು ಕೇಳಿದ ದಿನದ್ದು. ಇಲ್ಲಿಯೂ ಅದನ್ನು ಬರೆಯುವುದಿಲ್ಲ.

ಈಗಲೂ ವಾಡಿಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಬಾಬುವಿಗೂ ಈಗ ತಲೆ ನರೆತಿರಬೇಕು. ಎಡಹುಬ್ಬು ತುಸು ಮೇಲೆದ್ದವರು ಕಂಡರೆ ಹತ್ತಿರ ಹೋಗಿ ನಿಲ್ಲುತ್ತೇನೆ. ಅವರು ದಿಗಿಲಿನಿಂದ ನೋಡಿ ಸರಿದುಹೋಗುತ್ತಾರೆ. ಆ ಮಾತು ನನ್ನ ತುಟಿಯವರೆಗೆ ಬಂದು, ಮತ್ತೆ ಒಳಗೆ ಹೋಗಿ ಕೂಡುತ್ತದೆ.